ಹಬೆ ಇಳಿಯುವ ತನಕ

ಲಾಂಡ್ರಿಯಲ್ಲಿ ಎಲ್ಲರೂ ಅವನನ್ನು ಹಬೆಯಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಒಂದೇ ಯಂತ್ರದ ಮುಂದೆ ನಿಂತವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬೆಚ್ಚಗೆ ಮಲಗಿತ್ತು. ಅದನ್ನು ಎಬ್ಬಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ದೊಡ್ಡ ಹೋಟೆಲುಗಳ ಹಾಸುಬಟ್ಟೆ, ದಿಂಬಿನ ಚೀಲ, ಮೇಜಿನ ಹೊದಿಕೆ, ಅಡುಗೆಯವರ ಕೋಟು ಎಲ್ಲವೂ ಹಿಂಬಾಗಿಲಿನಿಂದ ಕೊಳೆಯಾಗಿ ಬಂದು ಮುಂಬಾಗಿಲಿನಿಂದ ಮಡಿಯಾಗಿ ಹೋಗುವ ಜಾಗ ಅದು. ಹಿಂದಿನ ಶೆಡ್ಡಿನಲ್ಲಿ ತೊಳೆಯುವ ಯಂತ್ರಗಳು, ಮುಂದಿನ ಉದ್ದ ಕೋಣೆಯಲ್ಲಿ ಹಬೆ ಇಸ್ತ್ರಿ. ಬೇಸಿಗೆಯಾಗಲಿ ಚಳಿಯಾಗಲಿ ಆ ಕೋಣೆಯ ಕಿಟಕಿಗಳು ಸದಾ ಬೆವರುತ್ತಿದ್ದವು.

ಆ ಯಂತ್ರದ ಒಂದು ಸ್ವಭಾವವನ್ನು ಹೇಳಲೇಬೇಕು. ಪೆಡಲು ತುಳಿದರೆ ಮೇಲಿನ ಹಲಗೆ ಇಳಿದು ಬಟ್ಟೆಯ ಮೇಲೆ ಕೂರುತ್ತದೆ. ಕೂತ ಕೂಡಲೇ ಬುಸ್ಸೆಂದು ಹಬೆ ಬಿಡುತ್ತದೆ. ನಾಲ್ಕು ಎಣಿಸುವಷ್ಟು ಹೊತ್ತು ಆ ಬುಸುಗುಡುವಿಕೆಯಲ್ಲಿ ಯಾರು ಏನು ಹೇಳಿದರೂ ಗಾಳಿಪಾಲು. ಹೀಗಾಗಿ ಇಸ್ತ್ರಿ ಕೋಣೆಯವರು ಹಬೆಗೆ ಮುಂಚೆ ಅರ್ಧ ಮಾತು ಹೇಳಿ, ಹಬೆ ಇಳಿಯುವ ತನಕ ಬಾಯಿ ಮುಚ್ಚಿ, ಆಮೇಲೆ ಉಳಿದರ್ಧ ಹೇಳುತ್ತಾರೆ. ಬೇರೆಯವರಿಗೆ ಅದು ಕೆಲಸದ ಹೊತ್ತಿನ ಅಭ್ಯಾಸ. ಹಬೆಯಣ್ಣನಿಗೆ ಅದು ಮೈಯಲ್ಲೇ ಸೇರಿಬಿಟ್ಟಿತ್ತು. ಹಾಳು ಯಂತ್ರ ಅವನ ನಾಲಿಗೆಗೂ ಪೆಡಲು ಹಾಕಿತ್ತು.

ಆದರೆ ಆ ಕೋಣೆಯಲ್ಲಿ ಅವನು ಭಾರಿ ಮಾತುಗಾರ. ಹಲಗೆ ಏರಿಳಿಯುವ ಲಯಕ್ಕೆ ಸಾಲು ಕಟ್ಟಿ ಹೇಳುತ್ತಿದ್ದ. ಶಾಲೆಯಲ್ಲಿ ಯಾವ ಮೇಷ್ಟರು ತಲೆಗೆ ತುಂಬಿದ್ದರೋ, ಅವನ ಪ್ರಾಸ ಸಾಲಿನ ಕೊನೆಗಷ್ಟೇ ಅಲ್ಲ, ಮೊದಲಿಗೂ ಬಂದು ಕೂರುತ್ತಿತ್ತು:

ಕಾಲರಲ್ಲಿ ಕೊಳೆ ಅಂದ – ಮೇಲಧಿಕಾರಿ,
ಸಾಲಿನಲ್ಲಿ ನಿಲ್ಲಿಸಿದ – ನಮ್ಮ ಬಾರಿ ಬಾರಿ,
ಮೇಲೆ ನೋಡ್ತಾ ನಡೆದ – ಜಾರಿತು ಸಾಬೂನು,
ಕಾಲು ಮೇಲೆ ತಲೆ ಕೆಳಗೆ – ಆಗ ಶುಚಿಯಾದ್ನು.

ನಡುನಡುವಿನ ಆ ಗೆರೆಗಳಲ್ಲಿ ಹಬೆ ಬುಸ್ಸೆನ್ನುತ್ತಿತ್ತು. ತೊಳೆಯುವ ಶೆಡ್ಡಿನವರು ಗಾಡಿ ತಳ್ಳಿಕೊಂಡು ಬಂದಾಗ ನಿಂತು ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಮರೆತು ಹೋಗುತ್ತಿದ್ದರು.

ಮನೆಯಲ್ಲಿ ಇದರ ಸುದ್ದಿಯೇ ಇಲ್ಲ. ದಿನವಿಡೀ ಹಬೆ ಕುಡಿದ ಗಂಟಲು ಮೂರನೆಯ ಮಹಡಿಯ ಆ ಎರಡು ಕೋಣೆಗೆ ಏರುವಷ್ಟರಲ್ಲಿ ಒಣಗಿರುತ್ತಿತ್ತು. ಮನೆಯಲ್ಲಿ ಪೆಡಲಿಲ್ಲ, ಹಲಗೆಯಿಲ್ಲ, ಮಾತು ಎಲ್ಲಿಂದ ಶುರುಮಾಡಬೇಕೆಂದೇ ಅವನಿಗೆ ತಿಳಿಯುತ್ತಿರಲಿಲ್ಲ. ಊಟಕ್ಕೆ ಕೂತರೆ ತಟ್ಟೆ, ಎದ್ದರೆ ಹಾಸಿಗೆ. "ಗೋಡೆಗಾದ್ರೂ ಸುಣ್ಣ ಬಳಿದ್ರೆ ಬಣ್ಣ ಬದಲಾಗುತ್ತೆ. ನಿಮ್ಗೆ ಏನು ಬಳೀಲಿ ಹೇಳಿ," ಎಂದು ಹೆಂಡತಿ ಕೇಳುತ್ತಿದ್ದಳು. ಅದಕ್ಕೂ ಅವನು ನಗುತ್ತಿದ್ದನೇ ಹೊರತು ಉತ್ತರ ಕೊಡುತ್ತಿರಲಿಲ್ಲ. ಒಬ್ಬಳೇ ಮಗಳು. ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ರ್ಯಾಪ್ ಕೇಳುತ್ತಾ ಬೆಳೆದಳು. ಆ ಮನೆಯಲ್ಲಿ ಕಿವಿಗೆ ಬೇರೆ ಕೆಲಸವಾದರೂ ಏನಿತ್ತು.

ಮಗಳು ಒಂದು ಕನ್ನಡಕದಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಒಂದು ದಿನ ಗಿರಾಕಿಯೊಬ್ಬರ ಬೆಲೆಬಾಳುವ ಫ್ರೇಮು ಕಾಣೆಯಾಯಿತು. ಸಂಜೆ ಅಂಗಡಿಯವನು ಸೀದಾ ಮನೆಗೇ ಬಂದ. ಒಳಗೂ ಬರಲಿಲ್ಲ, ಮೆಟ್ಟಿಲ ಮೇಲೆ ನಿಂತು ಮೂರೂ ಮಹಡಿಗೆ ಕೇಳುವ ಹಾಗೆ ಕಳ್ಳಿ ಎಂದು ಕೂಗಿದ. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಅವನಿಗಿಂತ ಜೋರಾಗಿ ಕೂಗಿದಳು. ಪಕ್ಕದ ಮನೆಯವರೂ ಎರಡು ಮಾತು ಸೇರಿಸಿದರು. ಮಗಳು ಯಾರನ್ನೂ ನೋಡಲಿಲ್ಲ. ಬಾಗಿಲ ಹಿಂದೆ ಬನಿಯನ್ನಿನಲ್ಲಿ ನಿಂತಿದ್ದ ಅಪ್ಪನನ್ನೇ ನೋಡುತ್ತಿದ್ದಳು.

ಅವನು ಮಾತಾಡಲಿಲ್ಲ. ಹೇಡಿ ಅಂದುಬಿಡುವುದು ಸುಲಭ. ಆದರೆ ನಡೆದದ್ದು ಬೇರೆ. ಅವನ ಬಾಯಲ್ಲಿ ಮಾತು ಸಿದ್ಧವಾಗಿತ್ತು, 'ನನ್ನ ಮಗಳು ಮುಟ್ಟಲ್ಲ' ಎಂಬ ಮೂರೇ ಪದ. ಎದುರಿಗೆ ಬುಸುಗುಡುತ್ತಿದ್ದ ಗದ್ದಲ ಇಳಿಯಲಿ ಎಂದು ಅವನು ಕಾದ. ಅಷ್ಟು ವರ್ಷ ಅದನ್ನೇ ಮಾಡಿದ್ದು, ಸದ್ದಿನ ನಡುವೆ ಬಾಯಿ ತೆರೆಯುವುದು ಅವನಿಗೆ ಗೊತ್ತೇ ಇರಲಿಲ್ಲ. ಸದ್ದು ಇಳಿದಾಗ ಅಂಗಡಿಯವನು ಕೆಳಗಿನ ಬೀದಿ ಸೇರಿದ್ದ, ಬಾಗಿಲುಗಳು ಮುಚ್ಚಿದ್ದವು, ಮಗಳು ಒಳಗೆ ಬಟ್ಟೆ ತುಂಬಿಕೊಳ್ಳುತ್ತಿದ್ದಳು.

"ನಾನೇ ತಗೊಂಡೆ ಅಂದ್ಕೊಂಡ್ಯಾ?" ಎಂದು ಕೇಳಿದಳು.

ಅವನು ತಲೆ ಅಲ್ಲಾಡಿಸಿದ.

"ತಲೆ ಬೇಡ. ಬಾಯಲ್ಲಿ ಹೇಳು."

ಅವನು ಬಾಯಿ ತೆರೆದ. ಕಾಲು ನೆಲದಲ್ಲಿ ಇಲ್ಲದ ಪೆಡಲು ಹುಡುಕಿತು. ಅವಳು ಸ್ವಲ್ಪ ಹೊತ್ತು ಕಾದು, ಚೀಲದ ಜಿಪ್ ಎಳೆದು ಹೊರಟುಹೋದಳು. ಮೂರು ವಾರದ ಮೇಲೆ ಆ ಫ್ರೇಮು ರಿಪೇರಿ ಡಬ್ಬಿಯಲ್ಲೇ ಸಿಕ್ಕಿತಂತೆ. ಅಂಗಡಿಯವನು ಯಾರ ಕೈಯಲ್ಲೋ ಹೇಳಿ ಕಳಿಸಿದ. ಅವನ ಆ ಸೌಜನ್ಯಕ್ಕೆ ಬೆಂಕಿ ಹಾಕ.

ಅದಾಗಿ ಎರಡು ವರ್ಷ ಕಳೆಯಿತು. ಮಗಳು ಅದೇ ಊರಿನ ಇನ್ನೊಂದು ಮೂಲೆಯಲ್ಲಿ ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡಿಕೊಂಡು, ಗೆಳತಿಯರ ಜೊತೆ ಕೋಣೆ ಹಿಡಿದಿದ್ದಳು. ಅಮ್ಮನ ಜೊತೆ ವಾರಕ್ಕೊಮ್ಮೆ ಫೋನಿನಲ್ಲಿ ಮಾತು. ಅಪ್ಪನ ಸುದ್ದಿ ಎತ್ತಿದರೆ ಫೋನ್ ಕಟ್. ಒಮ್ಮೆ ಅವನೇ ಲಾಂಡ್ರಿಯ ಫೋನಿನಿಂದ ಮಾಡಿದ. ಅವಳು ಹಲೋ ಅಂದಳು, ಮತ್ತೆ ಹಲೋ ಅಂದಳು. ಇವನು ಉಸಿರು ಬಿಡುತ್ತಾ ನಿಂತ. "ಅಪ್ಪ ತಾನೆ," ಎಂದು ಹೇಳಿ ಅವಳು ಇಟ್ಟುಬಿಟ್ಟಳು. ಅವತ್ತು ಅವನ ಕೈಯಲ್ಲಿ ಎರಡು ಮೇಜಿನ ಹೊದಿಕೆ ಸುಟ್ಟವು.

ಬಿರುಕು ಎನ್ನುವವನು ಬಂದದ್ದು ಆ ದಿನಗಳಲ್ಲೇ. ಅದು ಅವನು ತನಗೆ ತಾನೇ ಇಟ್ಟುಕೊಂಡ ಹೆಸರು. ಹಿಂದೆ ಎರಡು ವರ್ಷ ಇದೇ ಲಾಂಡ್ರಿಯಲ್ಲಿ ಯಂತ್ರಕ್ಕೆ ಬಟ್ಟೆ ತುಂಬಿದವನು, ಆಮೇಲೆ ಕೆಲಸ ಬಿಟ್ಟು ರ್ಯಾಪ್ ಹಾಡಲು ಹೊರಟವನು. ದನಿ ಚೆನ್ನಾಗಿತ್ತು, ಧೈರ್ಯ ಇನ್ನೂ ಚೆನ್ನಾಗಿತ್ತು, ಹೇಳುವುದಕ್ಕೆ ಮಾತ್ರ ಏನೂ ಇರಲಿಲ್ಲ. ತನ್ನಲ್ಲಿಲ್ಲದ ಕಾರಿನ ಬಗ್ಗೆ, ತನಗಿಲ್ಲದ ಶತ್ರುಗಳ ಬಗ್ಗೆ ಹಾಡಿ ಹಾಡಿ ಜನರ ಕಿವಿ ಸವೆಸಿದ್ದ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಂದು ಹಬೆಯಣ್ಣನ ಪಕ್ಕ ಕೂತ.

"ಆ ಮೇಲಧಿಕಾರಿ ಸಾಲು ನಂಗೆ ಕೊಡಣ್ಣ. ನಿನ್ನವು ಇನ್ನೇನೇನಿವೆಯೋ ಎಲ್ಲಾ ಕೊಡು. ನಂಗೆ ಬರೆಯೋಕೆ ಬರಲ್ಲ, ಸುಳ್ಳು ಯಾಕೆ ಹೇಳ್ಲಿ."

ಹಬೆಯಣ್ಣ ಕೊಟ್ಟ. ಪೇಟೆಂಟು ಮಾಡಿಸಿಟ್ಟ ಮಾಲೇನೂ ಅಲ್ಲವಲ್ಲ. ಆದರೆ ಬರೆದು ಕೊಟ್ಟರೆ ಬಿರುಕಿಗೆ ಹೇಳಲು ಬರುತ್ತಿರಲಿಲ್ಲ, ಸಾಲು ಸತ್ತ ಮೀನಿನ ಹಾಗೆ ಬೀಳುತ್ತಿತ್ತು. ಕೊನೆಗೆ ಒಂದು ದಾರಿ ಹುಡುಕಿಕೊಂಡರು. ಹಬೆಯಣ್ಣ ಯಂತ್ರದ ಮುಂದೆ ನಿಂತು ಸಾಲು ಹೇಳುತ್ತಾ ಬಿರುಕಿನ ಫೋನಿನಲ್ಲಿ ರೆಕಾರ್ಡು ಮಾಡುವುದು. ಬಿರುಕು ಅದನ್ನು ಗೈಡ್ ಎನ್ನುತ್ತಿದ್ದ. ಅದನ್ನು ಕಿವಿಗೆ ಹಾಕಿಕೊಂಡು ನೂರು ಸಲ ಕೇಳಿ, ಎಲ್ಲಿ ತಡೆ, ಎಲ್ಲಿ ಉಸಿರು, ಎಲ್ಲಿ ಅವಸರ ಎಲ್ಲವನ್ನೂ ಇದ್ದ ಹಾಗೇ ಹಿಡಿದು, ಆಮೇಲೆ ತಾನು ಹಾಡುವುದು. ಹಾಡಿನಿಂದ ಹಬೆಯ ಸದ್ದು ಹೋಯಿತು, ಅದು ಬಿಟ್ಟುಹೋದ ತೆರಪು ಮಾತ್ರ ಉಳಿಯಿತು.

ಆ ತೆರಪಿಗೇ ಜನ ಹುಚ್ಚಾದರು. ಸಾಲಿನ ನಡುವೆ ಏಕಾಏಕಿ ನಿಂತು, ಕೇಳುವವನ ಎದೆ ಒಂದು ಸಲ ಹೊಡೆದುಕೊಂಡ ಮೇಲೆ ಮುಂದಿನ ಮಾತು ಬೀಳುವುದು. ಇಂಥ ಸ್ಟೈಲು ಹಿಂದೆ ಯಾರಲ್ಲೂ ಇರಲಿಲ್ಲ ಎಂದರು. ಬಸ್ಸಿನಲ್ಲಿ ಹುಡುಗರು ಹಾಗೆಯೇ ತಡೆತಡೆದು ಮಾತಾಡುವುದನ್ನು ಹಬೆಯಣ್ಣ ಕಣ್ಣಾರೆ ಕಂಡ. ಶೆಡ್ಡಿನ ಹಳಬರಿಗೆ ಸಾಲು ಎಲ್ಲೋ ಕೇಳಿದ ಹಾಗಿತ್ತು, ಇಲ್ಲಿದ್ದಾಗ ಬಿರುಕೇ ಹೇಳುತ್ತಿದ್ದಿರಬೇಕು ಎಂದುಕೊಂಡರು. ಆರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ್ದ, ಬಟ್ಟೆ ಮಡಿಸುವ ಹೆಂಗಸು ಅವನನ್ನೇ ಒಂದು ದಿನ ಕೇಳಿದಳು, "ನೀವೂ ಅವನ ಫ್ಯಾನಾ ಅಣ್ಣ? ಈ ವಯಸ್ಸಲ್ಲಿ ಚೆನ್ನಾಗೇ ಕಲ್ತಿದೀರ." ಅವನು ಹೌದೆಂದು ತಲೆಯಾಡಿಸಿದ.

ಯಾಕೆಂದರೆ ಬಿರುಕು ಮೊದಲ ದಿನವೇ ಮಾತು ತೆಗೆದುಕೊಂಡಿದ್ದ. "ಬೇರೆಯವ್ರ ಕೈಲಿ ಬರೆಸ್ತಾನೆ ಅನ್ನೋದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿ ಇಲ್ಲಣ್ಣ. ಗೊತ್ತಾದ್ರೆ ನನ್ ಕಥೆ ಅಲ್ಲಿಗೇ ಮುಗೀತು. ಯಾರಿಗೂ ಹೇಳಲ್ಲ ಅಂತ ಆಣೆ ಮಾಡು." ಯಾರ ಮೇಲೆ ಎಂದು ಬಿರುಕು ಕೇಳಿದಾಗ ಹಬೆಯಣ್ಣನ ಬಾಯಿಗೆ ಬಂದದ್ದು ಮಗಳು. ಅವನಿಗೆ ಬೇರೆ ಯಾರಿದ್ದರು. ಮಗಳಾಣೆ ಎಂದುಬಿಟ್ಟ. ಹೆಂಡತಿಗೂ ಹೇಳಲಿಲ್ಲ. ಅವನು ದುಡ್ಡೂ ಕೇಳಲಿಲ್ಲ.

ಒಂದು ಭಾನುವಾರ ಹೆಂಡತಿ ಫೋನ್ ಹಿಡಿದು ಗೊಣಗಿದಳು. "ಇವಳ ನಂಬರಿಗೆ ಮಾಡಿದ್ರೆ ಟ್ರಿಣ್ ಟ್ರಿಣ್ ಅಲ್ಲ, ಯಾವನೋ ಬಿಕ್ಕಳಿಕೆ ಬಂದವನ ಥರ ಹಾಡ್ತಾನೆ. ಕೇಳಿ ಬೇಕಾದ್ರೆ." ಅವನು ಕಿವಿಗಿಟ್ಟುಕೊಂಡ. ಮೇಲಧಿಕಾರಿಯ ಹಾಡು. ತನ್ನ ಸಾಲು, ತನ್ನ ತಡೆ, ಬಿರುಕಿನ ಗಂಟಲು. ಮಗಳು ಅದನ್ನು ಆರಿಸಿ ತನ್ನ ಫೋನಿಗೆ ಹಾಕಿಸಿಕೊಂಡಿದ್ದಳು. ಅವನು ಹಾಸಿಗೆಯ ಮೇಲೆ ಕೂತ. ಆಮೇಲೆ ಎಷ್ಟೋ ದಿನ ಹೆಂಡತಿ ಸ್ನಾನಕ್ಕೆ ಹೋದಾಗ ಆ ನಂಬರಿಗೆ ಮಾಡಿ, ಅವಳು ಎತ್ತುವುದಕ್ಕೆ ಮುಂಚೆಯೇ ಇಟ್ಟುಬಿಡುತ್ತಿದ್ದ.

ಅಪ್ಪನ ಮಾತಿಗೆ ಜಾಗವಿಲ್ಲದ ಕಿವಿಯಲ್ಲಿ ಬಿರುಕಿಗೆ ಜಾಗವಿತ್ತು. ಹಾಗಾದರೆ ಅಲ್ಲಿಂದಲೇ ಹೋಗೋಣ ಎಂದುಕೊಂಡ. ನಾಲ್ಕು ತಿಂಗಳು ಒಂದೇ ಹಾಡು ಕಟ್ಟಿದ. ಹಲಗೆ ಏರಿತು ಇಳಿಯಿತು, ಸಾವಿರಾರು ದಿಂಬಿನ ಚೀಲ ಹೋದವು, ಅವನು ಅದೇ ಸಾಲನ್ನು ಬಿಚ್ಚಿ ಹೊಲಿದ:

ಮೆಟ್ಟಿಲ ಮೇಲೆ ನಿಂತು – ಕಳ್ಳಿ ಅಂದ ಅವನು,
ಕಟ್ಟಿದ ಬಾಯಿ ಹೊತ್ತು – ಬಾಗಿಲ ಹಿಂದೆ ನಾನು,
ಮುಟ್ಟಲ್ಲ ನನ್ನ ಮಗಳು – ಅನ್ನೋ ಮೂರು ಮಾತು
ಹೊಟ್ಟೆಯಲ್ಲೇ ಉಳಿದು – ಕಲ್ಲಾಗಿ ಕೂತು.

ಗೈಡ್ ಕೊಡುವಾಗ ಮೊದಲ ಸಲ ಒಂದು ಷರತ್ತು ಹಾಕಿದ. "ಇದ್ರಲ್ಲಿ ಒಂದು ಪದಾನೂ – ಬದಲಾಯಿಸ್ಬೇಡ."

"ಇಲ್ಲಣ್ಣ, ಖಂಡಿತ," ಎಂದಿದ್ದ ಬಿರುಕು.

ಹಾಡು ಹೊರಬಂದ ದಿನ ತೊಳೆಯುವ ಶೆಡ್ಡಿನವರು ಫೋನು ಜೋರಾಗಿ ಹಾಕಿದರು. ಹಬೆಯಣ್ಣ ಯಂತ್ರ ನಿಲ್ಲಿಸಿ ಹೋಗಿ ನಿಂತ. ಮೆಟ್ಟಿಲು ಬಂತು, ಬಾಗಿಲು ಬಂತು, ತಡೆಯೂ ಬಂತು. ಆಮೇಲೆ ಬಿರುಕಿನ ದನಿ 'ಮುಟ್ಟಲ್ಲ ನನ್ನ ಹುಡುಗಿ' ಎಂದಿತು.

ಅವನು ಏಪ್ರನ್ನು ಕೂಡ ಬಿಚ್ಚದೆ ಸ್ಟುಡಿಯೋಗೆ ಹೋದ. ಸ್ಟುಡಿಯೋ ಅಂದರೆ ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದ, ಗಾಳಿಯಾಡದ ಒಂದು ಕೋಣೆ. ಬಿರುಕು ಎದ್ದು ನಿಂತು ಕುರ್ಚಿ ಕೊಟ್ಟ.

"ಮಗಳು ಅಂತ – ಇತ್ತು," ಎಂದ ಹಬೆಯಣ್ಣ.

"ನಂಗೆ ಇಪ್ಪತ್ತಾರಣ್ಣ, ಮದುವೆ ಬೇರೆ ಆಗಿಲ್ಲ. ಮಗಳು ಅಂದ್ರೆ ಇದು ಯಾರದ್ದೋ ಅಂತ ಒಂದೇ ದಿನಕ್ಕೆ ಹಿಡೀತಾರೆ. ಒಂದೇ ಪದ ಅಲ್ವಾ. ಉಳಿದಿದ್ದೆಲ್ಲ ನಿಂದೇ ಇದೆ."

"ಆ ಒಂದು ಪದಕ್ಕೇ – ಉಳಿದಿದ್ದೆಲ್ಲ ಬರ್ದಿದ್ದು."

ಬಿರುಕು ತಲೆ ತಗ್ಗಿಸಿದ. ಕೆಟ್ಟವನಲ್ಲ, ಹೆದರಿದವನು. ಹೆದರಿದವರಿಂದ ಆಗುವಷ್ಟು ಅನಾಹುತ ಕೆಟ್ಟವರಿಂದ ಆಗುವುದನ್ನು ನಾನಂತೂ ಕಂಡಿಲ್ಲ. "ಈಗ ಎಲ್ಲರ ಫೋನಿಗೂ ಹೋಗಿದೆ, ವಾಪಸ್ ತರೋಕಾಗಲ್ಲ," ಎಂದ. ಆಮೇಲೆ ಮೆಲ್ಲಗೆ, "ಆಣೆ ಮರೀಬೇಡಣ್ಣ," ಎಂದೂ ಸೇರಿಸಿದ. ಹಬೆಯಣ್ಣ ಎದ್ದು ಲಾಂಡ್ರಿಗೆ ವಾಪಸ್ ಬಂದು, ನಿಲ್ಲಿಸಿದ್ದ ಯಂತ್ರ ಶುರುಮಾಡಿದ.

ಮಾರನೆಯ ತಿಂಗಳು ಬಿರುಕು ಯಾವುದೋ ಸಂದರ್ಶನದಲ್ಲಿ ಕೂತು, ತಾನು ಹಿಂದೆ ಇಂಥ ಲಾಂಡ್ರಿಯಲ್ಲಿ ಬಟ್ಟೆ ತುಂಬುತ್ತಿದ್ದೆ ಎಂದು ಹೆಮ್ಮೆಯಿಂದ ಹೇಳಿಕೊಂಡ. ಅದಾದ ನಾಲ್ಕನೆಯ ದಿನ, ಮಧ್ಯಾಹ್ನ ಊಟದ ಬಿಡುವಿನಲ್ಲಿ, ಮಡಿಸುವ ಹೆಂಗಸು ಬಂದು ಹಿಂಬಾಗಿಲಲ್ಲಿ ಯಾರೋ ಕೇಳ್ತಿದಾರೆ ಎಂದಳು.

ಮಗಳು ನಿಂತಿದ್ದಳು. ಸ್ವಲ್ಪ ಸೊರಗಿದ್ದಳು, ಕೂದಲು ಕತ್ತರಿಸಿಕೊಂಡಿದ್ದಳು. ಅದೇ ಚೀಲ. ಹಬೆಯಣ್ಣನಿಗೆ ಕಣ್ಣು ಮಂಜಾಯಿತು. ಹಾಡು ಮುಟ್ಟಿತು, ಒಂದು ಪದ ತಪ್ಪಿದರೂ ಮುಟ್ಟಿತು ಎಂದುಕೊಂಡ. ಮೂರು ವರ್ಷದ ಭಾರ ಅರೆಗಳಿಗೆ ಹೆಗಲಿಂದ ಇಳಿಯಿತು. ಅವಳು ಮೆಟ್ಟಿಲ ಮೇಲೆ ಕೂತಳು, ಇವನೂ ಒಂದು ಮೆಟ್ಟಿಲು ಬಿಟ್ಟು ಕೂತ.

"ಚೆನ್ನಾಗಿದ್ಯಾ?" ಎಂದಳು. ಅವನು ತಲೆಯಾಡಿಸಿದ.

"ಬಿರುಕು ನಿನ್ ಜೊತೆ ಕೆಲಸ ಮಾಡ್ತಿದ್ನಂತೆ. ಹೌದಾ?"

ಅವನು ಮತ್ತೆ ತಲೆಯಾಡಿಸಿದ.

"ನಂಗೆ ಆಗ್ಲೇ ಅನ್ನಿಸ್ತು. ಆ ಹಾಡು ನಂದೇ ಅಪ್ಪ. ಆ ಮೆಟ್ಟಿಲು, ಕಳ್ಳಿ ಅಂದಿದ್ದು, ಎಲ್ಲಾ ನಂದೇ. ನೀನು ಇಲ್ಲಿ ಯಾರಿಗೋ ಹೇಳಿರ್ತೀಯ, ಅವ್ನ ಕಿವಿಗೆ ಬಿದ್ದಿರುತ್ತೆ." ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಹೊರಗಿನವನು ನೋಡು. ನನ್ ಮುಖಾನೂ ನೋಡಿಲ್ಲ. ಅವನಿಗೆ ಕರುಳು ಚುರುಕ್ ಅಂದಿದೆ. ಯಾರಾದ್ರೂ ಒಬ್ರು ಹೇಳ್ಲಿ ಅಂತ ನಾನು ಕಾದಿದ್ದನ್ನ ಅವನು ಹೇಳ್ದ. ಅದನ್ನ ಕೇಳಿದ್ಮೇಲೇ ನಂಗೆ ಅತ್ತು ಹಗುರಾಗಿದ್ದು. ಇಲ್ದಿದ್ರೆ ನಾನು ಇವತ್ತು ನಿನ್ ಪಕ್ಕ ಕೂರ್ತಿರ್ಲಿಲ್ಲ."

ಹಬೆಯಣ್ಣ ಎರಡು ಕೈಯಿಂದ ಮೆಟ್ಟಿಲ ಅಂಚು ಹಿಡಿದುಕೊಂಡ.

"ಅವನ ನಂಬರ್ ಇದ್ರೆ ಕೊಡು. ಒಂದ್ಸಲ ಥ್ಯಾಂಕ್ಸ್ ಹೇಳ್ಬೇಕು, ಅಷ್ಟೇ."

ಮೂರು ವರ್ಷದಲ್ಲಿ ಅವಳು ಅಪ್ಪನನ್ನು ಕೇಳಿದ ಮೊದಲ ವಸ್ತು ಅದು. ಇಲ್ಲವೆನ್ನಲು ಅವನಿಂದ ಆಗಲಿಲ್ಲ. ಜೇಬಿನಿಂದ ಬಟ್ಟೆಗೆ ಕಟ್ಟುವ ಚೀಟಿ ತೆಗೆದು, ಅದರ ಹಿಂದೆ ಅಂಕಿಗಳನ್ನು ಬರೆದು ಕೊಟ್ಟ. ನಿಜ ಹೇಳಿಬಿಡಲೇ ಎಂದುಕೊಂಡ. ಆದರೆ ಆಣೆ ಇಟ್ಟಿದ್ದು ಯಾರ ಮೇಲೆ, ಕೈಗೆಟುಕುವಷ್ಟು ಹತ್ತಿರದಲ್ಲಿ ಕೂತಿದ್ದಾಳಲ್ಲ, ಅವಳ ಮೇಲೆ. ಅವಳಿಗೆ ಏನಾದರೂ ಆದರೆ ಎಂಬ ಹೆದರಿಕೆ ನಾಲಿಗೆಯನ್ನು ಹಿಡಿದು ಎಳೆಯಿತು.

ಹಾಡು ತನ್ನದೆಂದು ಹೇಳಬಾರದು, ಸರಿ. ಮಾತಾಡಬಾರದು ಎಂದೇನೂ ಆಣೆಯಿರಲಿಲ್ಲ. ಮಾತಾಡಿದರೆ ಅವಳೇ ಗುರುತು ಹಿಡಿಯುತ್ತಾಳೆ, ಬಿರುಕಿನ ಹಾಡಿನಲ್ಲಿರುವ ಉಸಿರು ಯಾರದು ಎಂದು ಹೆತ್ತ ಮಗಳಿಗೆ ತಿಳಿಯದೇ ಇರುತ್ತದೆಯೇ. ಅವನು ತುಟಿ ಒದ್ದೆ ಮಾಡಿಕೊಂಡ. ಪಾದವನ್ನು ಮೆಟ್ಟಿಲ ಮೇಲೆ ಒತ್ತಿದ, ಪೆಡಲು ತುಳಿದ ಹಾಗೆ. ಮಾತು ಬಂತು.

"ಅವತ್ತು ಬಾಗಿಲ ಹಿಂದೆ – ನಾನು ನಿಂತಿದ್ನಲ್ಲ – ಸದ್ದು ಇಳೀಲಿ ಅಂತ – ಕಾದೆ ಕಣೇ. ನನ್ನ ಮಗಳು –"

ಅವಳು ಕೈ ಎತ್ತಿ ತಡೆದಳು. ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು, ವಯಸ್ಸಾದ ಅಪ್ಪ ನಾಲ್ಕು ಜನರೆದುರು ಕುಣಿದರೆ ಮಕ್ಕಳಿಗೆ ಆಗುವಂಥ ನಾಚಿಕೆ.

"ಬೇಡಪ್ಪ. ಅವನ ಥರ ಮಾತಾಡ್ಬೇಡ. ಎಲ್ರೂ ಅದನ್ನೇ ಮಾಡ್ತಾರೆ ಈಗ. ನಿಂಗೆ ಅದು ಒಪ್ಪಲ್ಲ. ನೀನು ನಿನ್ ಥರ ಇರು, ಸಾಕು."

ಅವನು ಬಾಯಿ ಮುಚ್ಚಿದ. ಅವನಿಗಿದ್ದದ್ದು ಅದೊಂದೇ ಥರ, ಅದೀಗ ಬೇರೆಯವನದಾಗಿತ್ತು. ಹೇಳುವುದಕ್ಕೆ ಇನ್ನೊಂದು ಬಾಯಿ ಅವನ ಬಳಿ ಇರಲಿಲ್ಲ. ಅವಳು ಅವನ ಮುಚ್ಚಿದ ಬಾಯನ್ನು ಸ್ವಲ್ಪ ಹೊತ್ತು ನೋಡಿದಳು.

"ಹಾಂ, ಇದು ನೀನು," ಎಂದಳು. ಮೃದುವಾಗಿಯೇ ಹೇಳಿದಳು, ಕ್ಷಮಿಸಿದವಳ ಹಾಗೆ. ಚೀಟಿಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಅಮ್ಮನಿಗೆ ಭಾನುವಾರ ಫೋನ್ ಮಾಡುತ್ತೇನೆಂದು ಹೇಳು ಎಂದು ಬಸ್ಸಿನ ಕಡೆಗೆ ನಡೆದಳು.

ಒಳಗೆ ಬಿಡುವು ಮುಗಿದ ಗಂಟೆಯಾಯಿತು. ಹಬೆಯಣ್ಣ ಹೋಗಿ ಯಂತ್ರದ ಮುಂದೆ ನಿಂತ, ಒಂದು ಬಿಳಿ ಹೊದಿಕೆಯನ್ನು ಹರಡಿ, ಸುಕ್ಕು ಸವರಿ, ಪೆಡಲು ತುಳಿದ. ಹಲಗೆ ಇಳಿದು ಹಬೆ ಬುಸ್ಸೆಂದಾಗ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನು ಕಾಯದೆ ಮಾತಾಡಿದ. ಎದುರಿಗಿದ್ದ ಮಡಿಸುವ ಹೆಂಗಸಿಗೆ ಅವನ ತುಟಿ ಮೂರು ಸಲ ಅಲ್ಲಾಡಿದ್ದಷ್ಟೇ ಕಂಡಿತು.